ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲಿಸು

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಪರೀಕ್ಷಾ ಮೈದಾನದ ಗೇಟಿನಲ್ಲಿ ಹೆಸರು ಬರೆಸಿದವರು ಒಂಬತ್ತು ಮಂದಿ. ಮೂರನೇ ಸಲ ಬಂದವನು ಅವನೊಬ್ಬನೇ.

ಭಾರೀ ವಾಹನದ ಲೈಸೆನ್ಸಿಗೆ ಇಲ್ಲಿ ಮೂರು ಅವಕಾಶ. ಮೂರನೆಯದೂ ಕೈಕೊಟ್ಟರೆ ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕು. ಹುಟ್ಟಿದ ದೇಶದಲ್ಲಿ ಅವನು ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ್ದ. ಒಂದು ಅಪಘಾತವಿಲ್ಲ, ಒಂದು ಪೊಲೀಸ್ ಕೇಸಿಲ್ಲ. ಆ ಲೈಸೆನ್ಸನ್ನು ಇಲ್ಲಿನ ಸಾರಿಗೆ ಕಚೇರಿಯ ಗುಮಾಸ್ತೆ ಎರಡೂ ಬದಿ ತಿರುಗಿಸಿ ನೋಡಿ, ‘ನೆನಪಿಗೆ ಇಟ್ಕೊಳ್ಳಿ’ ಎಂದು ವಾಪಸ್ ಕೊಟ್ಟಿದ್ದಳು. ಅವಳು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅವನಿಗೆ ಮಾತ್ರ ಮೂರು ದಿನ ಅನ್ನ ರುಚಿಸಿರಲಿಲ್ಲ.

ಹದಿನಾಲ್ಕು ತಿಂಗಳಿಂದ ಅವನದು ಗೋದಾಮಿನಲ್ಲಿ ರಾತ್ರಿ ಪಾಳಿ. ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿ. ಅವನು ಬಾಗಿಲಲ್ಲಿ ಶೂ ಬಿಚ್ಚುವಾಗ ಅವಳು ಹಾಕಿಕೊಳ್ಳುತ್ತಿರುತ್ತಾಳೆ. ಹಾಲು ಖಾಲಿ, ಮನೆ ಮಾಲೀಕರು ನಲ್ಲಿ ನೋಡಲು ಬರುತ್ತಾರೆ, ಮಗಳಿಗೆ ಕೆಮ್ಮು: ಸಂಸಾರದ ಮಾತೆಲ್ಲ ಆ ಐದು ನಿಮಿಷದಲ್ಲೇ ಮುಗಿಯಬೇಕು. ಶಾಲೆಯಲ್ಲಿ ಮನೆಯವರ ಚಿತ್ರ ಬರೆಯಲು ಹೇಳಿದಾಗ ಏಳು ವರ್ಷದ ಮಗಳು ಅಪ್ಪನನ್ನು ಹೊದಿಕೆಯೊಳಗೆ ಬರೆದಿದ್ದಳು. ಹೊರಗೆ ಕಂಡದ್ದು ಎರಡು ಪಾದ.

ಸಾಗಣೆ ಕಂಪನಿಯೊಂದರ ಮ್ಯಾನೇಜರು ಅವನಿಗಾಗಿ ಒಂದು ಜಾಗ ಹಿಡಿದಿಟ್ಟಿದ್ದರು. ಊರೊಳಗಿನ ಮಾರ್ಗ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದು. ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು. ತಿಂಗಳು ಮುಗಿಯಲು ಇನ್ನು ನಾಲ್ಕು ದಿನ ಇತ್ತು.

ಲೈಸೆನ್ಸ್ ಇಲ್ಲದವನು ಒಬ್ಬನೇ ಲಾರಿ ತರುವಂತಿಲ್ಲ. ಹಾಗಾಗಿ ತರಬೇತಿ ಶಾಲೆಯ ಲಾರಿಯನ್ನು ಮೈದಾನಕ್ಕೆ ಓಡಿಸಿಕೊಂಡು ಬಂದವನು ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಈ ದೇಶಕ್ಕೆ ಒಂಬತ್ತು ವರ್ಷ ಮೊದಲೇ ಬಂದವನು. ನಡುವೆ ಬೆನ್ನುನೋವೆಂದು ಒಂದು ವರ್ಷ ಲಾರಿ ಮುಟ್ಟದೆ ಇದ್ದದ್ದು ಬಿಟ್ಟರೆ, ಅವನ ಬಾಯಲ್ಲೇ ಕೇಳಿದರೆ ತನ್ನಷ್ಟು ಗಟ್ಟಿ ಡ್ರೈವರು ಇನ್ನೊಬ್ಬನಿಲ್ಲ.

‘ಏನಪ್ಪಾ, ಇದರಲ್ಲಿ ಏನಿದೆ? ಕಣ್ಣು ಮುಚ್ಕೊಂಡು ಪಾಸಾಗೋದು. ನಾನೆಲ್ಲ ಹೋದೆ, ಬಂದೆ, ಅಷ್ಟೇ.’

‘ಕಣ್ಣು ಮುಚ್ಕೊಂಡೇ ಎರಡು ಸಲ ಫೇಲಾಗಿದ್ದು ಅಣ್ಣಾ.’

ಅದು ಅರ್ಧ ನಿಜ. ಎರಡು ಸಲವೂ ಕೆಡಿಸಿದ್ದು ರಿವರ್ಸ್, ಎರಡು ಸಾಲು ಕೋನುಗಳ ನಡುವೆ ಕೊನೆಯ ಗೆರೆಯವರೆಗೆ ಹಿಂದಕ್ಕೆ ಬಿಡುವುದು. ಎರಡು ಸಲವೂ ಬಿದ್ದದ್ದು ಬಲಗಡೆಯ ಕೊನೆಯ ಕಿತ್ತಳೆ ಕೋನ್. ಅವನು ಹಿಂದೆ ಓಡಿಸಿದ್ದು ಹತ್ತು ಚಕ್ರದ ಲಾರಿ. ಇಲ್ಲಿಯದು ಮುಂಭಾಗ ಬೇರೆ, ಅದಕ್ಕೆ ಸಿಕ್ಕಿಸಿದ ಉದ್ದನೆಯ ಟ್ರೇಲರ್ ಬೇರೆ. ಟ್ರೇಲರ್ ಓರೆಯಾದ ಕೂಡಲೇ ಬಲಗನ್ನಡಿಯಲ್ಲಿ ಅದರ ಗೋಡೆ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಕೋನ್ ಅದರ ಆಚೆ.

ಕಾಯಿಲೆ ಏನೆಂದು ಕಂಡುಹಿಡಿದವಳು ಹೆಂಡತಿ. ಮೂರು ಭಾನುವಾರಗಳ ಹಿಂದೆ ತರಬೇತಿ ಶಾಲೆಯ ಖಾಲಿ ಅಂಗಳದಲ್ಲಿ ಅಭ್ಯಾಸಕ್ಕೆ ಹೋದಾಗ ಅವಳೂ ಬಂದು ಪಕ್ಕದ ಸೀಟಿನಲ್ಲಿ ಕುಳಿತಿದ್ದಳು. ಅವನು ರಿವರ್ಸ್ ಹಾಕಿ ಅರ್ಧ ದಾರಿ ಹೋಗಿ ನಿಂತ.

‘ಯಾಕೆ ನಿಲ್ಲಿಸಿದ್ರಿ?’

‘ನೋಡ್ತಾ ಇದ್ದೀನಿ.’

‘ನೋಡ್ತಾ ಇಲ್ಲ ನೀವು. ಕೇಳಿಸ್ಕೊಳ್ತಾ ಇದ್ದೀರಿ. ಕಿವಿ ಹಿಂದಕ್ಕಿದೆ, ಕಣ್ಣು ಎಲ್ಲೋ ಇದೆ. ಸೀಟಿ ಎಲ್ಲಿಂದ ಬರ್ತಾನ್ರೀ ಇಲ್ಲಿಗೆ?’

ಸೀಟಿ ಎಂದರೆ ಅವನ ಲಾರಿಯ ಕ್ಲೀನರ್. ಅವನಿಗಿಂತ ಹನ್ನೊಂದು ವರ್ಷ ದೊಡ್ಡವನು, ಹತ್ತೊಂಬತ್ತು ವರ್ಷ ಒಂದೇ ಲಾರಿಯಲ್ಲಿ ಜೊತೆಗಿದ್ದವನು. ನಾಲಿಗೆ ಮಡಚಿ ಊದುತ್ತಿದ್ದ ಸೀಟಿಯಿಂದಲೇ ಆ ಹೆಸರು. ಲಾರಿ ಹಿಂದೆ ಹೋಗುವಾಗ ಅವನು ಇಳಿದು, ಲಾರಿಯ ಪಕ್ಕದ ಗೋಡೆಗೆ ಅಂಗೈ ಬಡಿಯುತ್ತಿದ್ದ. ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲಿಸು. ಆ ಹತ್ತೊಂಬತ್ತು ವರ್ಷವೂ ಡ್ರೈವರು ಹಿಂದಕ್ಕೆ ಹೋದದ್ದು ಕಿವಿಯಿಂದ; ಕನ್ನಡಿ ಇದ್ದದ್ದು ತಲೆ ಬಾಚಿಕೊಳ್ಳಲು.

‘ಹಾಗಾದ್ರೆ ಇಳಿದು ನೋಡಿ’ ಎಂದಳು ಹೆಂಡತಿ.

‘ಯಾರು?’

‘ಇನ್ಯಾರು, ನಾನಾ? ಎರಡು ಸಲ ಇಳೀಬಹುದು, ಮಾರ್ಕ್ಸ್ ಕಟ್ ಇಲ್ಲ ಅಂತ ಪರೀಕ್ಷೆಯ ಪುಸ್ತಕದಲ್ಲೇ ಬರೆದಿದೆಯಲ್ಲ.’

‘ರಿವರ್ಸ್ ಹಾಕ್ಬಿಟ್ಟು ಡ್ರೈವರು ಇಳೀತಾನೇನೇ? ಲಾರಿ ಸ್ಟ್ಯಾಂಡಲ್ಲಿ ಯಾರಾದ್ರೂ ನೋಡಿದ್ರೆ ನಗಲ್ವಾ?’

‘ಯಾವ ಲಾರಿ ಸ್ಟ್ಯಾಂಡು? ಇಲ್ಲಿರೋದು ನಾನು, ಆ ಕೋನು. ಕೋನು ಆಗ್ಲೇ ಎರಡು ಸಲ ನಕ್ಕಿದೆ.’

ಅವನ ಮುಖ ಗಂಟಾಯಿತು. ಆದರೂ ಬಾಗಿಲು ತೆಗೆದು, ಊರಿನಲ್ಲಿ ಧುಮುಕುತ್ತಿದ್ದ ಹಾಗೆಯೇ ಧುಮುಕಿದ. ಅದೂ ತಪ್ಪು. ಇಳಿಯುವ ಮೊದಲು ಪಾರ್ಕಿಂಗ್ ಬ್ರೇಕ್ ಹಾಕಬೇಕು; ಮುಖ ಲಾರಿಯ ಕಡೆಗಿರಬೇಕು; ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಯಾವಾಗಲೂ ಲಾರಿಗೆ ತಾಗಿರಬೇಕು. ಧುಮುಕಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಅಂದಿನಿಂದ ಮೂರು ವಾರ, ಮಗಳ ಎರಡಂತಸ್ತಿನ ಮಂಚದ ಏಣಿಯನ್ನು ಅವನು ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದ. ‘ಮುಖ ಆ ಕಡೆ!’ ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಳು. ಅವಳಿಲ್ಲದಾಗ ಮಗಳು ಕೂಗುತ್ತಿದ್ದಳು.

ಪರೀಕ್ಷಕಿ ಐವತ್ತರ ಆಸುಪಾಸಿನ, ದಪ್ಪ ಕನ್ನಡಕದ ಹೆಂಗಸು. ಅವಳ ಕೈಯಲ್ಲಿ ರಟ್ಟಿಗೆ ಕ್ಲಿಪ್ ಹಾಕಿದ ನಮೂನೆ. ಮೊದಲು ವಾಹನ ತಪಾಸಣೆ: ಟೈರು, ಗಾಳಿಯ ಪೈಪು, ದೀಪ, ಕೊಕ್ಕೆ, ಎಲ್ಲವನ್ನೂ ಮುಟ್ಟಿ ತೋರಿಸಿ ಬಾಯಿಬಿಟ್ಟು ಹೇಳಬೇಕು. ಅದು ನಲವತ್ತು ನಿಮಿಷದಲ್ಲಿ ಸಲೀಸಾಗಿ ಮುಗಿಯಿತು. ಒಂಬತ್ತೂಕಾಲಿಗೆ ರಿವರ್ಸ್.

ಷಡ್ಡಕ ಬೇಲಿಯಾಚೆ ನಿಂತಿದ್ದ. ಮಗಳನ್ನು ಶಾಲೆಗೆ ಬಿಟ್ಟು ರಜೆ ಹಾಕಿ ಬಂದ ಹೆಂಡತಿ ಅವನ ಪಕ್ಕದಲ್ಲಿದ್ದಳು.  

ಟ್ರೇಲರ್ ಬಲಕ್ಕೆ ಬರಬೇಕಾದರೆ ಸ್ಟಿಯರಿಂಗ್ ಎಡಕ್ಕೆ. ಅವನು ತಿರುಗಿಸಿದ. ಬಾಲ ಒಳಕ್ಕೆ ಬಂತು, ಓರೆಯಾಯಿತು. ಬಲಗನ್ನಡಿ ತುಂಬ ಬಿಳಿ ಗೋಡೆ. ಹಿಂದಿನ ಎರಡು ಸಲವೂ ಇಲ್ಲೇ ‘ಆಗುತ್ತೆ ಬಿಡು’ ಎಂದುಕೊಂಡು ಮುಂದುವರಿದಿದ್ದ. ಈ ಸಲ ನಿಲ್ಲಿಸಿದ. ಬ್ರೇಕ್ ಹಾಕಿದ, ಗಾಳಿ ಉಸ್ಸೆಂದಿತು. ಬಾಗಿಲು ತೆಗೆದು, ಮುಖ ಲಾರಿಯ ಕಡೆ ಮಾಡಿ, ಕೈ ಕೈ ಕಾಲು ಎಂದು ಮನಸ್ಸಿನಲ್ಲೇ ಎಣಿಸುತ್ತ ಇಳಿದ.

ಹಿಂದೆ ಹೋಗಿ ನೋಡಿದ. ಟ್ರೇಲರಿನ ಮೂಲೆಗೂ ಆ ಕೋನಿಗೂ ನಡುವೆ ಎರಡು ಗೇಣು ಜಾಗ. ಸ್ವಲ್ಪ ನೇರ ಮಾಡಿಕೊಂಡರೆ ಧಾರಾಳ.  ವಾಪಸ್ ಬರುವಾಗ ಅವನಿಗೇ ಗೊತ್ತಿಲ್ಲದಂತೆ ಕೈ ಎದ್ದಿತು. ಟ್ರೇಲರಿನ ಗೋಡೆಗೆ ಅಂಗೈಯಿಂದ ಎರಡು ಸಲ ತಟ್ಟಿದ.

ಹತ್ತಿ ಕುಳಿತು ಹಿಂದಕ್ಕೆ ಬಿಟ್ಟ. ಕೋನ್ ಅಲುಗಲಿಲ್ಲ. ಕೊನೆಯ ಗೆರೆ ಹತ್ತಿರ ಬಂತೆನಿಸಿದಾಗ ಮತ್ತೆ ಬ್ರೇಕ್, ಮತ್ತೆ ಇಳಿತ. ಗೆರೆಗೆ ಒಂದು ಮೊಳ ಉಳಿದಿತ್ತು. ಒಂದು ಮೀಟರಿನೊಳಗೆ ಇದ್ದರೆ ಸಾಕು ಎಂಬುದು ನಿಯಮ. ಒಂದೇ ಒಂದು ಸಲ ತಟ್ಟಿದ.

ಪರೀಕ್ಷಕಿ ಹತ್ತಿರ ಬಂದಳು.

‘ಯಾಕೆ ತಟ್ಟಿದ್ರಿ? ಏನಾದ್ರೂ ಸಡಿಲ ಆಗಿದೆಯಾ?’

 ಪುಸ್ತಕದಲ್ಲಿ ತಟ್ಟುವ ಬಗ್ಗೆ ಏನೂ ಇರಲಿಲ್ಲ. ತಟ್ಟಬಹುದು ಎಂದೂ ಇಲ್ಲ, ತಟ್ಟಬಾರದು ಎಂದೂ ಇಲ್ಲ.

‘ಇಲ್ಲ ಮೇಡಂ. ಎರಡು ತಟ್ಟಿದ್ರೆ ಬಾ ಅಂತ. ಒಂದು ತಟ್ಟಿದ್ರೆ ನಿಲ್ಸು ಅಂತ.’

‘ಯಾರಿಗೆ?’

‘ಡ್ರೈವರಿಗೆ.’

ಅವಳು ಖಾಲಿ ಕ್ಯಾಬಿನ್ನಿನ ಕಡೆ ನೋಡಿದಳು.

‘ಡ್ರೈವರು ನೀವೇ ಅಲ್ವಾ?’

‘ಹೌದು ಮೇಡಂ.’

‘ಕೇಳಿಸ್ತಾ?’

‘ಕೇಳಿಸ್ತು ಮೇಡಂ.’

ಅವಳು ನಮೂನೆಯಲ್ಲಿ ಒಂದು ಗುರುತು ಹಾಕಿ, ‘ನಡೀರಿ, ರಸ್ತೆಗೆ ಹೋಗೋಣ’ ಎಂದಳು.

ರಸ್ತೆ ಅವನಿಗೆ ನೀರು ಕುಡಿದಷ್ಟು ಸುಲಭ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಕಚೇರಿಯ ಕಿಟಕಿಯಿಂದ ಹಳದಿ ಕಾಗದ ಹೊರಬಂತು. ಅವನು ಓದಲಿಲ್ಲ, ಹೆಂಡತಿಯ ಕೈಗೆ ಕೊಟ್ಟ. ಅವಳು ಎರಡು ಸಲ ಓದಿ, ಮಡಚಿ ಚೀಲದ ಒಳಜೇಬಿಗೆ ಹಾಕಿ, ಜಿಪ್ ಎಳೆದಳು. ಆಮೇಲೆ ಅಲ್ಲೇ ಇದ್ದ ಬೆಂಚಿನ ಮೇಲೆ ಕುಳಿತುಬಿಟ್ಟಳು.

‘ಅಂತೂ ಪಾಸಾದ್ರಿ ಕಣ್ರೀ’ ಎಂದಳು. ‘ಇನ್ನು ನೀವು ಹೊದಿಕೆಯಿಂದ ಆಚೆ ಬಂದ್ರಿ.’

ಅವನಿಗೂ ಬೆನ್ನ ಮೇಲಿನ ಮೂಟೆ ಇಳಿಸಿದಂತಾಗಿತ್ತು. ಷಡ್ಡಕ ಅವನ ಹೆಗಲ ಮೇಲೆ ಕೈಹಾಕಿ ಸುಮ್ಮನೆ ಕೆಮ್ಮಿದ.

‘ಒಂದು ಮಾತು. ಮನೇಲಿ ಹೇಳ್ಬೇಡ. ನನಗೆ ಬೆನ್ನುನೋವು ಬಂದಿತ್ತಲ್ಲ, ಒಂದು ವರ್ಷ?’

‘ಹೂಂ.’

‘ಬೆನ್ನು ಚೆನ್ನಾಗೇ ಇತ್ತು.’

ಮೂರು ಸಲ ಫೇಲಾದರೆ ಎಷ್ಟು ಕಾಯಬೇಕೆಂಬುದು ಅವನಿಗೆ ನೆನಪಾಗಿ ನಗು ತಡೆಯಲಾಗಲಿಲ್ಲ. ಬೆಂಚಿನಿಂದ ಹೆಂಡತಿ, ‘ನನಗೆ ಕೇಳಿಸ್ತು ಭಾವ, ಅಕ್ಕ ಆಗ್ಲೇ ಹೇಳಿದ್ಲು’ ಎಂದಳು. ಷಡ್ಡಕ ಲಾರಿಯ ಕೀಲಿ ಹುಡುಕುವವನಂತೆ ಜೇಬು ತಡವಿದ.

ಮಧ್ಯಾಹ್ನ ಮನೆಯಿಂದ ಸೀಟಿಗೆ ಫೋನು ಮಾಡಿದ. ಸೀಟಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

‘ಅಂಗೈಲಿ ತಟ್ಟಿದ್ರಾ ಡ್ರೈವರ್ರೇ, ಮುಷ್ಟೀಲಾ?’

‘ಅಂಗೈಲಿ.’

‘ಸರಿ ಹಾಗಾದ್ರೆ.’

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅವನು ಮೊದಲ ಲೋಡು ತೆಗೆದುಕೊಂಡು ಹೊರಟ. ಮೊದಲ ಗೋದಾಮಿನ ಕಟ್ಟೆಗೆ ಟ್ರೇಲರ್ ತಾಗಿಸುವ ಮುನ್ನ ಮೂರು ಸಲ ಇಳಿದು ನೋಡಿದ. ಸಂಜೆ ಐದೂಮುಕ್ಕಾಲಿಗೆ ಮನೆಯಲ್ಲಿದ್ದ.