ಏಕಾದಶಿ ಜಾರಿದ ದಿನ

ಮಾರ್ಗಶಿರದ ಆ ಸೋಮವಾರ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯ ಮೇಲೆ ಮಂಜು ಕವಿದಿತ್ತು. ಎಂಟೂವರೆಯಾದರೂ ಬಿಸಿಲಿನ ಸುಳಿವಿರಲಿಲ್ಲ. ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಕಿವಿಗೆ ಮಫ್ಲರ್ ಸುತ್ತಿ ಆಫೀಸಿಗೆ ನಡೆದೆ.

ನಮ್ಮದು ಐದೇ ಜನರ ಸಾಫ್ಟ್‌ವೇರ್ ಆಫೀಸು, ಜೆ.ಪಿ. ನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಯಜಮಾನರಾದ ಗುರುಶಾಂತಪ್ಪನವರು ಹಿಂದೆ ಗಣಿತದ ಮೇಷ್ಟ್ರು. ಪಂಚಾಂಗ ಲೆಕ್ಕ ಹಾಕುವ ಪ್ರೋಗ್ರಾಮ್ ಒಂದನ್ನು ಹತ್ತು ವರ್ಷದಿಂದ ಅವರಿಗಾಗಿ ನೋಡಿಕೊಂಡು ಬಂದವನು ನಾನು. ಐಶ್ವರ್ಯ ಎಂಬ ಹುಡುಗಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಅವಳನ್ನು ಕಾಯಂ ಮಾಡುವುದೋ ಕಳಿಸುವುದೋ ಎಂಬುದು ಆ ದಿನ ಮೂರು ಗಂಟೆಗೆ ತೀರ್ಮಾನವಾಗಬೇಕಿತ್ತು. ಅದಕ್ಕೆ ಗುರುಶಾಂತಪ್ಪನವರ ಪದ್ಧತಿ ಒಂದೇ: ಪ್ರೋಗ್ರಾಮುಗಳ ಬದಲಾವಣೆಯನ್ನೆಲ್ಲ ದಾಖಲಿಸಿಡುವ ಗಿಟ್ ತೆರೆದು ಹಾಜರಿ ಪುಸ್ತಕದಂತೆ ಓದುವುದು. ಅಲ್ಲಿ ಪ್ರತಿ ಬದಲಾವಣೆಯ ಎದುರಿಗೂ ಮಾಡಿದವರ ಹೆಸರಿರುತ್ತದೆ. ಬಾಯಿಮಾತನ್ನು ಅವರು ನಂಬುವುದಿಲ್ಲ.

ಹತ್ತು ಗಂಟೆಗೆ, ನಮ್ಮ ಪಂಚಾಂಗ ಅಚ್ಚು ಹಾಕುವ ಪ್ರೆಸ್ಸಿನ ವೆಂಕಟಾಚಲ ಅವರ ಫೋನು ಬಂತು.

“ಸೋಮನಾಥ್ ಸಾರ್, ನಿಮ್ ಜೆ.ಪಿ. ನಗರದಲ್ಲಿ ಸೂರ್ಯ ರಾತ್ರಿ ಒಂದು ಗಂಟೆಗೆ ಹುಟ್ತಾನಾ?”

“ಏನ್ ಸಾರ್ ಹಾಗಂದ್ರೆ?”

“ನೀವು ಬೆಳಿಗ್ಗೆ ಕಳಿಸಿದ ಪುಟ ನೋಡಿ. ಏಕಾದಶಿನೂ ಒಂದಿನ ಮುಂದಕ್ಕೆ ಹೋಗಿದೆ. ಉಪವಾಸ ಇರೋರು ದ್ವಾದಶಿ ದಿನ ಇದ್ರೆ ಪಾಪ ಯಾರ ತಲೆಗೆ? ನಾಲ್ಕಕ್ಕೆ ಮಿಷನ್‌ಗೆ ಹತ್ತಿಸ್ತೀನಿ, ಅಷ್ಟರಲ್ಲಿ ಸರಿ ಮಾಡ್ಕೊಡಿ.”

ಗಿಟ್ ತೆರೆದು ನೋಡಿದೆ. ಪಂಚಾಂಗದ ಪ್ರೋಗ್ರಾಮಿನಲ್ಲಿ ಮೂರು ವಾರದಿಂದ ಒಂದಕ್ಷರ ಬದಲಾಗಿರಲಿಲ್ಲ. ಮತ್ತೆ ಸೂರ್ಯನಿಗೇನಾಯಿತು?

ಐಶ್ವರ್ಯ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. “ಸಾರ್, ನಿನ್ನೆ ಈ ಮಷೀನ್‌ನಲ್ಲಿ ಹೊಸದೇನಾದ್ರೂ ಹಾಕಿದ್ರಾ?”

ಹಾಕಿದ್ದೆ. ಕೊರಿಯರ್ ಕಂಪನಿಯೊಂದರ ಕೆಲಸಕ್ಕೆ ಬೇಕೆಂದು ಸಮಯ ಲೆಕ್ಕ ಮಾಡುವ ಒಂದು ಸಿದ್ಧ ಪ್ಯಾಕೇಜಿನ ಹೊಸ ಆವೃತ್ತಿ ಇಳಿಸಿದ್ದೆ. ಪಂಚಾಂಗವೂ ಅದೇ ಪ್ಯಾಕೇಜನ್ನು ನಂಬಿಕೊಂಡಿತ್ತು. ಹಳೆಯದು ನಮ್ಮ ಸಮಯ ಹೇಳುತ್ತಿತ್ತು, ಹೊಸದು ಗ್ರೀನಿಚ್ ಸಮಯ ಹೇಳುತ್ತಿತ್ತು. ಐದೂವರೆ ಗಂಟೆಯ ವ್ಯತ್ಯಾಸಕ್ಕೆ ತಿಥಿಗಳು ಜಾರಿದ್ದವು.

ನಮ್ಮೂರ ದಾಸೋಹದಲ್ಲಿ ಬೋರಯ್ಯ ಎಂಬ ಅಡುಗೆಯವನಿದ್ದ. ಸಾರಿನ ಸೌಟನ್ನು ಪಾಯಸದ ಹತ್ತಿರ ಯಾರಾದರೂ ತಂದರೆ ಕೈ ಹಿಡಿದು ವಾಪಸ್ಸು ಕಳಿಸುತ್ತಿದ್ದ. ಅದನ್ನು ನೋಡಿ ಬೆಳೆದವನು ನಾನು. ಆದರೂ ಹದಿನೈದು ದಿನದ ಹಿಂದೆ ಇದೇ ಹುಡುಗಿ “ಒಂದೊಂದು ಪ್ರಾಜೆಕ್ಟಿಗೂ ಬೇರೆ ಬೇರೆ ಎನ್ವಿರಾನ್ಮೆಂಟ್ ಮಾಡೋಣ ಸಾರ್, ಒಂದರ ಪ್ಯಾಕೇಜು ಇನ್ನೊಂದಕ್ಕೆ ತಾಗಲ್ಲ” ಎಂದಾಗ, “ಐದು ಜನಕ್ಕೆ ಎಷ್ಟು ಒಲೆ ಹೂಡ್ತೀಯಮ್ಮಾ” ಎಂದು ನಕ್ಕಿದ್ದೆ.

ಈಗ ನಗಲಿಲ್ಲ. ಪಂಚಾಂಗ ಓಡುತ್ತಿದ್ದದ್ದು ನನ್ನ ಮಷೀನಿನಲ್ಲಿ ಮಾತ್ರ. ಅವಳು ಅಲ್ಲೇ ಕುಳಿತು ಅದಕ್ಕೊಂದು ಪ್ರತ್ಯೇಕ ಎನ್ವಿರಾನ್ಮೆಂಟ್ ಮಾಡಿ, ಹಳೆಯ ಆವೃತ್ತಿ ಹಾಕಿದಳು. ಕೊರಿಯರ್ ಕೆಲಸಕ್ಕೆ ಇನ್ನೊಂದನ್ನು ಮಾಡಿದಳು. ನಾನೂ ಸುಮ್ಮನಿರದೆ, ಆ ಎನ್ವಿರಾನ್ಮೆಂಟಿನ ಫೋಲ್ಡರನ್ನು ಇಡಿಯಾಗಿ ಗಿಟ್ಟಿಗೆ ಸೇರಿಸಹೊರಟೆ. ಪರದೆಯ ಮೇಲೆ ಫೈಲುಗಳ ಹೆಸರು ಸಾವಿರಗಟ್ಟಲೆ ಸುರಿಯಿತು.

“ಅಯ್ಯೋ ಸಾರ್! ಬುತ್ತಿ ಕಟ್ಟು ಅಂದ್ರೆ ಅಡುಗೆಮನೇನೇ ಕಿತ್ಕೊಂಡು ಹೊರಟ್ರಲ್ಲ!” ಎಂದು ಅವಳು ತಡೆದಳು. “ಸಾಮಾನಿನ ಪಟ್ಟಿ ಒಂದು ಸಾಕು. ಯಾವ ಪ್ಯಾಕೇಜು, ಎಷ್ಟನೇ ಆವೃತ್ತಿ ಅಂತ. ಪಟ್ಟಿ ಇದ್ರೆ ಯಾವ ಮಷೀನ್‌ನಲ್ಲಾದ್ರೂ ಹಾಗೇ ಕಟ್ಕೋಬಹುದು. ಫೋಲ್ಡರ್ ಮುಟ್ಟಬೇಡ ಅಂತ ಗಿಟ್ಟಿಗೆ ಹೇಳ್ಬಿಡೋಣ.”

ಪಟ್ಟಿ ಗಿಟ್ಟಿಗೆ ಸೇರಿತು. ಎರಡೂವರೆಗೆ ಪುಟಗಳು ಪ್ರೆಸ್ಸಿಗೆ ಹೋದವು. ಸೂರ್ಯ ಆರೂವರೆಗೆ ಹುಟ್ಟಿದ, ಏಕಾದಶಿ ತನ್ನ ದಿನಕ್ಕೆ ಮರಳಿತು.

ಮೂರಕ್ಕೆ ಗುರುಶಾಂತಪ್ಪನವರು ಕನ್ನಡಕ ಏರಿಸಿ ಗಿಟ್ ಓದತೊಡಗಿದರು. “ಭೇಷ್ ಸೋಮನಾಥ್. ಎಷ್ಟು ಅಚ್ಚುಕಟ್ಟಾಗಿ ಮಾಡಿದೀರ್ರೀ!”

ಕೆಲಸ ನಡೆದದ್ದು ನನ್ನ ಮಷೀನಿನಲ್ಲಿ, ಹಾಗಾಗಿ ಗಿಟ್ಟಿನಲ್ಲಿ ಬಿದ್ದಿದ್ದು ನನ್ನ ಹೆಸರು. ಐಶ್ವರ್ಯ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

“ಇವಳದ್ದು ಚಿಲ್ಲರೆ ತಿದ್ದುಪಡಿ ಬಿಟ್ರೆ ದೊಡ್ಡದೇನೂ ಕಾಣ್ತಿಲ್ವಲ್ಲ,” ಎಂದರು ಅವರು. “ಏನ್ಮಾಡೋಣ ಅಂತೀರಿ? ಟೀ ಕುಡ್ದು ಬರ್ತೀನಿ, ಯೋಚನೆ ಮಾಡಿ ಹೇಳಿ.”

ಅವರು ಎದ್ದು ಹೋದರು. ಮಾಡಿದವಳು ಅವಳು ಎಂದರೆ, ಕೆಡಿಸಿದವರು ಯಾರು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಹತ್ತು ವರ್ಷದಲ್ಲಿ ಅವರು ನನಗೆ ಭೇಷ್ ಎಂದದ್ದು ಅದೇ ಮೊದಲು. ಬೆಳಿಗ್ಗೆ ಕಣ್ಣು ಮುಚ್ಚಿ ಶಿವನ ಮುಂದೆ ಕುಳಿತವನೂ ನಾನೇ, ಈಗ ಅವಳ ಭೇಷ್ ಇಟ್ಟುಕೊಂಡು ಕುಳಿತವನೂ ನಾನೇ. ಅಂಗಿಯೊಳಗಿನ ಲಿಂಗ ಎದೆಗೆ ತಣ್ಣಗೆ ತಾಗುತ್ತಿತ್ತು.

ಕೀಬೋರ್ಡ್ ಹತ್ತಿರಕ್ಕೆಳೆದುಕೊಂಡೆ. ಆ ಬದಲಾವಣೆಯ ಎದುರಿಗಿದ್ದ ಹೆಸರನ್ನು ತಿದ್ದಿ ‘ಐಶ್ವರ್ಯ’ ಎಂದು ಹಾಕಿದೆ. ಅದರ ಕೆಳಗಿನ ವಿವರಣೆಯಲ್ಲಿ, ‘ಭಾನುವಾರ ಸೋಮನಾಥ್ ಹಾಕಿದ ಹೊಸ ಆವೃತ್ತಿಯಿಂದ ತಿಥಿಗಳು ತಪ್ಪಿದ್ದವು. ಅದನ್ನು ಸರಿಪಡಿಸಲಾಗಿದೆ’ ಎಂದು ಬರೆದೆ. ಮತ್ತೆ ಗಿಟ್ಟಿಗೆ ಕಳಿಸಿದೆ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ನಾನೆದ್ದು, ಗುರುಶಾಂತಪ್ಪನವರ ಪರದೆಯಲ್ಲಿ ಆ ಪುಟವನ್ನು ಹೊಸದಾಗಿ ತೆರೆದಿಟ್ಟು, ನನ್ನ ಕುರ್ಚಿಗೆ ಮರಳಿದೆ.