ನೀರು ಕುಡಿಯದ ಮೂಳೆ

ಸರ್ರೆಂದು ಯಂತ್ರದ ತೋಳು ಸರಿಯುತ್ತಿದೆ, ಮಂಚದ ಮೇಲೆ ಮನುಷ್ಯರಿಲ್ಲ, ಇಟ್ಟಿಗೆಯಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಅದರೊಳಗೆ ನಾಲ್ಕು ನಕಲಿ ಬೆನ್ನುಮೂಳೆ — ದಿನಾ ಬೆಳಿಗ್ಗೆ ಮೊದಲ ರೋಗಿಗಿಂತ ಮುಂಚೆ ಇದನ್ನು ಮಲಗಿಸಿ ಅಳೆಯಬೇಕು, ಇದರ ಗಟ್ಟಿತನ ಎಂದೂ ಬದಲಾಗುವುದಿಲ್ಲ, ಅಂಕಿ ಬದಲಾದರೆ ಕೆಟ್ಟಿರುವುದು ಯಂತ್ರ, ಚಿಂತಾಮಣಿಯ ಈ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮೂರು ವರ್ಷದಿಂದ ಮೂಳೆ ಅಳೆಯುತ್ತಿರುವ ಕಲ್ಯಾಣಿಗೆ ಇದು ಗೊತ್ತಿಲ್ಲದ್ದೇನಲ್ಲ, ಗೊತ್ತಿದ್ದೇ ಅಳೆಯದೆ ಬಿಟ್ಟಳು, ಅದೇ ಸಂಕಟ. ಬೆಂಗಳೂರಿನಿಂದ ಬಂದ ಇಂಜಿನಿಯರ್ ಅಂಬರೀಶ್ ಎರಡು ತಿಂಗಳ ಹಿಂದೆ ಯಂತ್ರವನ್ನು ಸರಿಮಾಡಿದ, ಹೋಗುವ ಮುನ್ನ ದಾಖಲೆ ಪುಸ್ತಕ ತಿರುವಿ, ಏನ್ರೀ ಮೇಡಂ, ಮಿಷನ್ ಕೆಟ್ಟಿದ್ರೂ ಹನ್ನೊಂದು ದಿನಾನೂ ಒಂದೇ ನಂಬರ್ ಇದೆಯಲ್ಲ, ಅಂದ, ನಕ್ಕ, ಮುಂದೆ ಕೇಳಲಿಲ್ಲ, ಕೇಳಿದ್ದರೆ ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದಳೇನೋ. ಆ ಹನ್ನೊಂದು ದಿನ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುತ್ತಿತ್ತು, ಬರುವಷ್ಟರಲ್ಲಿ ಶಿಡ್ಲಘಟ್ಟದ ಬಸ್ಸಿಳಿದವರು ಬೆಂಚಿನ ತುಂಬ, ಪ್ಲಾಸ್ಟಿಕ್ಕಿಗೆ ಏನು ರೋಗ, ನಾಳೆ ನೋಡಿಕೊಂಡರಾಯಿತು, ಹಿಂದಿನ ದಿನದ ಅಂಕಿಯನ್ನೇ ಬರೆದಳು, ಮಾರನೆಯ ದಿನವೂ ಅದನ್ನೇ — ಬಂದವರ ಮೂಳೆಯೆಲ್ಲ ಯಾಕೋ ಗಟ್ಟಿ ಬರುತ್ತಿತ್ತು, ಅದೂ ಕಣ್ಣಿಗೆ ಬಿದ್ದಿತ್ತು, ಆದರೆ ಈ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು, ಹಲ್ಲು ಕಂದು, ಮೂಳೆ ಮಾತ್ರ ಸ್ಕ್ಯಾನಿನಲ್ಲಿ ಗಟ್ಟಿ, ಡಾಕ್ಟರೂ ಆಡುವ ಮಾತು ಇದು, ನಮ್ಮ ನೀರೇ ಹಾಗೆ ಎಂದು ಸುಮ್ಮನಾದಳು. ಐದನೆಯ ದಿನ ಶಿಡ್ಲಘಟ್ಟದ ರಾಮಲಕ್ಷ್ಮಮ್ಮ, ರೇಷ್ಮೆ ನೂಲು ತೆಗೆಯುವವರು, ಗೂಡು ಬೇಯಿಸುವ ನೀರಿನಲ್ಲಿ ಅದ್ದಿ ಅದ್ದಿ ಬಿಳಿಚಿದ ಬೆರಳು, ಅವರದು ಮೈನಸ್ ಎರಡು ಪಾಯಿಂಟ್ ಎರಡು, ಮೈನಸ್ ಎರಡೂವರೆಗೆ ಇಳಿದಿದ್ದರೆ ಮೂಳೆ ಸವೆದಿದೆಯೆಂದು ಡಾಕ್ಟರು ಮಾತ್ರೆ ಕೊಟ್ಟು ಕೆಲಸ ಬಿಡಿಸುತ್ತಿದ್ದರು, ಇಳಿಯಲಿಲ್ಲ, ಕೆಲಸಕ್ಕೆ ಹೋಗ್ಬೋದೇನಮ್ಮ ಅಂತ ಕೇಳಿದರು, ಧಾರಾಳವಾಗಿ ಹೋಗಿ ಅಜ್ಜಿ, ನಮ್ ನೀರು ಕುಡಿದಿರೋ ಮೂಳೆ, ಕಬ್ಬಿಣ ಇದ್ದಂಗಿದೆ, ಅಂದಳು, ಅಂದದ್ದು ಡಾಕ್ಟರಲ್ಲ, ತಾನೇ, ಅಜ್ಜಿ ಹಿಗ್ಗಿಹೋಗಿ ಮಂಚದಿಂದ ಕಾಲು ಇಳಿಬಿಟ್ಟರು, ಸ್ಟೂಲು ಎಟುಕಲಿಲ್ಲ, ಕಾಲುಂಗುರದ ಬೆರಳು ಗಾಳಿಯಲ್ಲಿ ತಡವಿತು.

ಮೂರೇ ವಾರ, ಗೂಡು ಬೇಯಿಸುವ ತೊಟ್ಟಿಯ ಪಕ್ಕದ ಒದ್ದೆ ನೆಲ, ಅಜ್ಜಿ ಜಾರಿದ್ದು ಒಂದು ಗೇಣೂ ಇಲ್ಲವಂತೆ, ತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯಿತು — ಈಗ ಬಾಗಿಲಲ್ಲಿ ವಾಕರಿನ ಸದ್ದು, ಸೊಸೆ ಮುನಿಲಕ್ಷ್ಮಿ ತೋಳು ಹಿಡಿದು ಕರೆತಂದಿದ್ದಾಳೆ, ಪ್ಲಾಸ್ಟಿಕ್ ತುಂಡನ್ನು ತೆಗೆದಿಟ್ಟು ಅದೇ ಜಾಗದಲ್ಲಿ ಅಜ್ಜಿಯನ್ನು ಮಲಗಿಸಿದರು, ತೋಳು ಸರ್ರೆಂದಿತು, ಮೈನಸ್ ಎರಡು ಪಾಯಿಂಟ್ ಎಂಟು, ಅವತ್ತೂ ಇಷ್ಟೇ ಇದ್ದಿರಬೇಕು, ಹೇಳಿಬಿಡಬೇಕು, ಇವರಿಗಷ್ಟೇ ಅಲ್ಲ, ಆ ಹನ್ನೊಂದು ದಿನ ಬಂದ ನಲವತ್ತಮೂರು ಜನಕ್ಕೂ, ಗಟ್ಟಿ ಎಂದು ಬರೆದ ಕಾಗದ ನಂಬಿ ಅವರಲ್ಲಿ ಯಾರ್ಯಾರು ಎಲ್ಲೆಲ್ಲಿ ಒದ್ದೆ ನೆಲ ತುಳಿಯುತ್ತಿದ್ದಾರೋ, ಕೆಲಸ ಹೋಗುತ್ತದೆ, ಹೋಗಲಿ, ಡಾಕ್ಟರ ಮುಂದೆ ತಲೆ ತಗ್ಗಿಸಬೇಕು, ತಗ್ಗಿಸೋಣ, ಅಜ್ಜಿ, ಅವತ್ತು ಮಿಷನ್ನು, ಎಂದು ಬಾಯಿ ತೆರೆದಳು, ಅಷ್ಟರಲ್ಲಿ ಆ ಬಿಳಿಚಿದ ಬೆರಳು ಅವಳ ಮಣಿಕಟ್ಟು ಹಿಡಿದವು, ನೀನೇ ಅಂದಿದ್ದಲ್ಲ ತಲ್ಲಿ, ನನ್ ತಾಯಿ, ನಮ್ ನೀರು ಅಂತ, ಆ ಹಾಳ್ ನೀರೇ ಮೋಸ ಮಾಡ್ತು ಬಿಡು, ನೀನೇನ್ ಮಾಡ್ತೀಯ. ಮೂಲೆಯಲ್ಲಿ ಪ್ಲಾಸ್ಟಿಕ್ ತುಂಡು, ಈ ಸೀಮೆಯಲ್ಲಿ ಈ ನೀರು ಕುಡಿಯದೆ ಇದ್ದದ್ದು ಅದೊಂದೇ, ಹನ್ನೊಂದು ದಿನದಲ್ಲಿ ಒಂದು ಸಲ ಮಲಗಿಸಿದ್ದರೆ ತಪ್ಪು ನೀರಿನದೋ ಯಂತ್ರದ್ದೋ ಹೇಳಿಬಿಡುತ್ತಿತ್ತು, ಹೇಳು ಕಲ್ಯಾಣಿ, ಈಗಲಾದರೂ ಹೇಳು, ಮುನಿಲಕ್ಷ್ಮಿ ಅತ್ತೆಯ ಬೆನ್ನಿಗೆ ಕೈಕೊಟ್ಟು ಎಬ್ಬಿಸುತ್ತಿದ್ದಾಳೆ, ಸ್ಟೂಲನ್ನು ಮುಂದೆ ಸರಿಸಬೇಕು, ಕೈ ಏಳುತ್ತಿಲ್ಲ, ಮಂಚದ ಅಂಚಿನಿಂದ ಒಂದೇ ಕಾಲು ಇಳಿಯುತ್ತಿದೆ, ಕಾಲುಂಗುರದ ಬೆರಳು ಗಾಳಿಯಲ್ಲಿ ತಡವುತ್ತಿದೆ, ತಡವುತ್ತಲೇ ಇದೆ —