ಒಪ್ಪಿಗೆಯ ಸುತ್ತು

"ಹೊರಗಿನ ಮಿತ್ರರೂ ಒಪ್ಪಿದ್ದಾರಂತೆ. ಇನ್ನು ಯಾರದ್ದಾದರೂ ತಕರಾರಿದೆಯೇ?" ಎಂದು ವಿಭಾಗದ ಮುಖ್ಯಸ್ಥರು ಕೇಳಿದರು. ಕೇಳುವಾಗಲೇ ಅವರು ಮುಂದಿದ್ದ ಕಾಗದಗಳನ್ನು ಜೋಡಿಸಿ ಎತ್ತಿಕೊಳ್ಳುತ್ತಿದ್ದರು. ಮೇಜಿನ ಸುತ್ತ ಕೂತವರು ಒಬ್ಬರಾದ ಮೇಲೊಬ್ಬರು ತಲೆಯಾಡಿಸಿದರು. ಮಿಸುಜು ಕುವಬರಾಳ ಸರದಿ ಬಂದಾಗ ಅವಳ ತಲೆಯೂ ತನ್ನಷ್ಟಕ್ಕೆ ಆಡಿತು. ಆಡಿದ ಮೇಲೆಯೇ ತಾನು ಒಪ್ಪಿದ್ದೇನೆಂದು ಅವಳಿಗೆ ಹೊಳೆದದ್ದು.

ಎರಡು ವರ್ಷ ಕೂತು ಅವಳು ಕಟ್ಟಿದ್ದ ಕೊಂಡಿ ತಂತ್ರಾಂಶದ ಕತೆ ಆ ಒಂದು ಪ್ರಶ್ನೆಯಲ್ಲಿ ಮುಗಿದಿತ್ತು. ಸಾಲು ಸಾಲು ಸರ್ವರುಗಳನ್ನು ಒಂದೇ ಯಂತ್ರದಂತೆ ದುಡಿಸುವ ಓಪನ್ ಸೋರ್ಸ್ ಕ್ಲೌಡ್ ವೇದಿಕೆಯೊಂದಿದೆ. ಅದು ಯಾರೊಬ್ಬರ ಸೊತ್ತೂ ಅಲ್ಲ, ಯಾರು ಬೇಕಾದರೂ ತಂದು ನಡೆಸಬಹುದು, ತಿದ್ದಬಹುದು. ಮಿಸುಜುವಿನ ಕಂಪನಿ ಮಾರುವುದು ಬೇರೆ ಸರಕು. ಎಲ್ಲೆಲ್ಲೋ ಇರುವ ಯಂತ್ರಗಳನ್ನು ಒಂದೇ ಪರದೆಯಲ್ಲಿ ನೋಡಿ ನಿಭಾಯಿಸುವ ತಂತ್ರಾಂಶ. ಸಣ್ಣ ಸಂಸ್ಥೆಗಳಿಗೆಂದು ಅದರ ಚಿಕ್ಕ ಆವೃತ್ತಿಯನ್ನು ಬಿಟ್ಟಿಯಾಗಿ ಕೊಡುತ್ತಿದ್ದರು. ಆ ಪರದೆಗೂ ಈ ವೇದಿಕೆಗೂ ಮಾತು ನಡೆಯುವಂತೆ ಮಾಡಿದ್ದು ಅವಳ ಕೊಂಡಿ. ಅದು ಇಷ್ಟು ದಿನ ಬಯಲಲ್ಲಿ, ಎಲ್ಲರ ಕೈಗೆ ಸಿಗುವಂತೆ ಇತ್ತು. ಇನ್ನು ಕಂಪನಿ ಅದನ್ನು ಒಳಗೆ ಎಳೆದುಕೊಂಡು, ದುಬಾರಿಯ ದೊಡ್ಡ ಆವೃತ್ತಿಯ ಜೊತೆಗಷ್ಟೇ ಮಾರುತ್ತದೆ. ಹಳೆಯದು ಹೊರಗೆ ಬಿದ್ದಿರುತ್ತದೆ, ಸರಿ. ಆದರೆ ಮುಂದಿನ ತಿಂಗಳಿಂದ ಕಂಪನಿ ತನ್ನ ಕಡೆಯ ಬಾಗಿಲಿಗೆ ಬೇರೆ ಬೀಗ ಹಾಕುವುದರಿಂದ ಆ ಹಳೆಯ ಕೀಲಿ ಯಾರಿಗೂ ಉಪಯೋಗಕ್ಕೆ ಬಾರದು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪು ಹುಡುಕಲಾಗುವುದಿಲ್ಲ.

ತಪ್ಪು ಇದ್ದದ್ದು ಬೇರೆ ಕಡೆ. ಆ ಕೊಂಡಿ ಅವಳೊಬ್ಬಳ ದುಡಿಮೆಯಾಗಿರಲಿಲ್ಲ. ಫುಕುವೋಕಾದ ನಾಗರಿಕ ಭವನದ ಮೇಲಂತಸ್ತಿನ ಕೋಣೆಯಲ್ಲಿ ಪ್ರತಿ ಶನಿವಾರ ನಾಲ್ಕಾರು ಮಂದಿ ಸೇರಿ, ಒಂದು ಕಾಸಿಲ್ಲದೆ, ಅದರ ಹುಳುಕುಗಳನ್ನು ಹೆಕ್ಕಿ ತೆಗೆದಿದ್ದರು. ಅವರಲ್ಲಿ ಹಿರಿಯರು ಇವಾಕಿರಿ. ಇಕಿ ದ್ವೀಪದ ಸಣ್ಣ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು, ಶನಿವಾರ ಬಂತೆಂದರೆ ಹಡಗು ಹತ್ತಿ ಬರುತ್ತಿದ್ದರು. ವೇದಿಕೆಯ ಹೊಸ ಆವೃತ್ತಿ ಬಂದಾಗಲೆಲ್ಲ ಒಂದು ಪೀಡೆ ಕಾಡುತ್ತಿತ್ತು. ಅಲ್ಲಿ ಸತ್ತುಬಿದ್ದ ಸರ್ವರು ಇಲ್ಲಿ ಪರದೆಯ ಮೇಲೆ ಹಸಿರು ದೀಪ ಹಚ್ಚಿಕೊಂಡು ಆರಾಮಾಗಿ ಕೂತಿರುತ್ತಿತ್ತು. ಮಿಸುಜು ಕೈಚೆಲ್ಲಿದ್ದಳು. ಒಂದು ಇಡೀ ಚಳಿಗಾಲ ಅದರ ಬೆನ್ನು ಹತ್ತಿ ಸರಿಮಾಡಿದ್ದು ಇವಾಕಿರಿ. ಈ ಕೊಂಡಿ ಯಾವತ್ತೂ ಬಯಲಲ್ಲೇ ಇರುತ್ತದೆ ಎಂದು ಮಿಸುಜು ಮೊದಲ ದಿನವೇ ಮಾತು ಕೊಟ್ಟಿದ್ದಳು. ಆ ಮಾತನ್ನು ನಂಬಿ ಅವರು ದುಡಿದಿದ್ದರು. ದೊಡ್ಡ ಆವೃತ್ತಿ ಕೊಳ್ಳುವ ತ್ರಾಣ ಆ ಆಸ್ಪತ್ರೆಗೆ ಇರಲಿಲ್ಲ.

ಮುಖ್ಯಸ್ಥರು ಹೇಳಿದ ಹೊರಗಿನ ಮಿತ್ರರೆಂದರೆ ಇವರೇ, ಅಂಥ ಇವಾಕಿರಿಯವರೇ ಒಪ್ಪಿದ್ದಾರೆಂದರೆ ತಾನು ಬೇಡವೆನ್ನುವುದು ಹೇಗೆ ಎನ್ನಿಸಿತ್ತು ಅವಳಿಗೆ. ತಲೆ ಆಡಿದ್ದು ಆ ಗಲಿಬಿಲಿಯಲ್ಲಿ.

ನಮ್ಮ ಜಪಾನಿನ ಕಚೇರಿಗಳಲ್ಲಿ ಸಭೆ ಸೇರುವುದು ತೀರ್ಮಾನಕ್ಕಲ್ಲ, ಆದ ತೀರ್ಮಾನಕ್ಕೆ ಅಕ್ಷತೆ ಹಾಕಲು. ಅಸಲು ಕೆಲಸ ನಡೆಯುವುದು ಅದಕ್ಕೂ ಮೊದಲು. ಒಬ್ಬರು ಮೇಜಿಂದ ಮೇಜಿಗೆ ಸುತ್ತಿ, ಒಬ್ಬೊಬ್ಬರ ಕಿವಿಯಲ್ಲೂ ಹೇಳಿ, ಅವರ ಅಳುಕು ಕೇಳಿ, ಒಪ್ಪಿಸಿ ಬಂದಿರುತ್ತಾರೆ. ಸುತ್ತಿನಲ್ಲಿ ಬಾಯಿಬಿಡದವರು ಸಭೆಯಲ್ಲಿ ಬಾಯಿಬಿಟ್ಟರೆ ಸುತ್ತಿದವರ ಮಾನ ಹೋಗುತ್ತದೆ. ಈ ಪಾಠವನ್ನು ಮಿಸುಜುವಿಗೆ ಹೇಳಿಕೊಟ್ಟವನು ನೊನೊಮುರಾ. ಅವಳು ಕೆಲಸಕ್ಕೆ ಸೇರಿದ ದಿನದಿಂದ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದ ಹಿರಿಯ. ಅವಳ ಮದುವೆ ಮುರಿದುಬಿದ್ದಾಗ ರಜೆಯ ಅರ್ಜಿಯನ್ನು ತಾನೇ ಬರೆದುಕೊಟ್ಟವನು. ಅವಳ ಕೊಂಡಿಗೆ ಕಂಪನಿಯಲ್ಲಿ ಜಾಗ ಮಾಡಿಕೊಡಲು ಆಗ ಸುತ್ತು ಹೊಡೆದವನೂ ಅವನೇ.

ಹೋದ ವಾರ ಅವನು ಕುಮಮೋಟೋಗೆ ಹೋಗಿ ಬಂದಿದ್ದ. ಊರಿಗೆ ಹೋದವರು ತಿಂಡಿ ತಂದು ಹಂಚುವುದು ವಾಡಿಕೆ. ಗೆಣಸೂ ಸಿಹಿ ಹೂರಣವೂ ಇದ್ದ ಕಡುಬಿನ ಪೆಟ್ಟಿಗೆ ಹಿಡಿದು ಅವನು ಮೇಜಿಂದ ಮೇಜಿಗೆ ಹೋದ. ಒಂದೊಂದು ಮೇಜಿನ ಹತ್ತಿರವೂ ಬಗ್ಗಿ ಸುಮಾರು ಹೊತ್ತು ಮಾತಾಡಿದ. ಊರಿನ ಸುದ್ದಿ ಹೇಳುತ್ತಿದ್ದಾನೆ ಎಂದುಕೊಂಡಳು ಮಿಸುಜು. ಅವಳ ಬಳಿಗೂ ಬಂದು, ಅಮ್ಮನ ಮಂಡಿನೋವಿನ ಕತೆ ಹೇಳಿ, ಕಡುಬು ಇಟ್ಟು ಹೋಗಿದ್ದ. ಅವಳು ಬಾಯಿ ತುಂಬ ಹೊಗಳಿ ತಿಂದಿದ್ದಳು. ಈಗ ಸಭೆಯಲ್ಲಿ ಹೊಸ ವಿಷಯ ಬರೆದುಕೊಳ್ಳಲು ಯಾರ ಕೈಯಲ್ಲೂ ಪೆನ್ನಿಲ್ಲದ್ದನ್ನು ನೋಡಿದಾಗ ಅದು ಯಾವ ಸುತ್ತು ಎಂದು ಹೊಳೆಯಿತು. ಎಲ್ಲರಿಗೂ ಗೊತ್ತಿತ್ತು, ತನ್ನೊಬ್ಬಳನ್ನು ಬಿಟ್ಟು. ಮೈಯೆಲ್ಲ ಉರಿದುಹೋಯಿತು.

ಸಭೆ ಮುಗಿದ ಮೇಲೆ ಮೆಟ್ಟಿಲ ಪಕ್ಕ, ಡಬ್ಬಿ ಕಾಫಿಯ ಯಂತ್ರದ ಮುಂದೆ ಅವನು ಸಿಕ್ಕಿದ. ಅವಳನ್ನು ನೋಡಿ ಇನ್ನೊಂದು ಡಬ್ಬಿಯ ಗುಂಡಿ ಒತ್ತಿದ.

"ನಿನ್ಹತ್ರ ಕೂತು ಮಾತಾಡ್ಬೇಕು ಅಂದ್ಕೊಂಡಿದ್ದೆ," ಎಂದ.

"ಎಲ್ಲರಿಗೂ ಹೇಳಿದ್ರಿ. ನಂಗೊಬ್ಳಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ಬೇಡ ಅಂದೋಳು ಅಂತ ಮೇಲಿನವರ ಕಿವಿಗೆ ಬೀಳೋದು. ನಿನ್ನ ಒಳ್ಳೇದಕ್ಕೇ ಮಾಡ್ದೆ ಕಣಮ್ಮ."

"ಇವಾಕಿರಿಯವರು ನಿಜವಾಗ್ಲೂ ಒಪ್ಪಿದ್ರಾ?"

"ಒಪ್ಪಿದ್ರು. ಬೇಕಾದ್ರೆ ನೀನೇ ಕೇಳು."

"ನಾನು ಅವರಿಗೆ ಮಾತು ಕೊಟ್ಟಿದ್ದೆ. ಅವತ್ತು ನೀವೂ ನನ್ನ ಪಕ್ಕದಲ್ಲೇ ಇದ್ರಿ."

"ಇದ್ದೆ," ಎಂದ ನೊನೊಮುರಾ, ಡಬ್ಬಿಯನ್ನು ಅವಳತ್ತ ಚಾಚುತ್ತ. "ಆದ್ರೆ ನಾನೇನೂ ಮಾತಾಡ್ಲಿಲ್ಲವಲ್ಲ."

ಅವನ ಮುಖದಲ್ಲಿ ಕಳ್ಳತನದ ಛಾಯೆಯೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ನೋಯಿಸಿತು. ಬೈಯಬೇಕೆಂದು ಬಂದವಳು ಅಭ್ಯಾಸಬಲದಿಂದ ಎರಡು ಕೈಯಲ್ಲಿ ಡಬ್ಬಿ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ, ತನ್ನ ಮೇಲೆ ತಾನೇ ಸಿಡುಕುತ್ತ ಜಾಗಕ್ಕೆ ಹೋಗಿ ಕೂತಳು.

ಶನಿವಾರದವರೆಗೂ ಅವಳ ಸಿಟ್ಟು ಅರ್ಧ ನೊನೊಮುರಾನ ಮೇಲಿದ್ದರೆ ಅರ್ಧ ಇವಾಕಿರಿಯವರ ಮೇಲಿತ್ತು. ಒಂದು ಚಳಿಗಾಲ ಸವೆಸಿದ ಮನುಷ್ಯ ಅಷ್ಟು ಸಲೀಸಾಗಿ ಹೂಂ ಅನ್ನುವುದೇ? ಅಂದರೂ ತನಗೊಂದು ಮಾತು ತಿಳಿಸಬಾರದಿತ್ತೇ? ಕೇಳಿಯೇ ಬಿಡುತ್ತೇನೆ ಎಂದು ಭವನದ ಲಿಫ್ಟು ಹತ್ತಿದಳು.

ಬಾಗಿಲು ತೆಗೆದೊಡನೆ "ಮೇಷ್ಟ್ರು ಬಂದ್ರು, ಎಲ್ಲಾ ಕೈಕಟ್ಟಿ ಕೂತ್ಕೊಳ್ಳಿ" ಎಂದು ರೇಗಿಸುವುದು ಇವಾಕಿರಿಯವರ ಪದ್ಧತಿ. ಅವತ್ತು ಯಾರೂ ರೇಗಿಸಲಿಲ್ಲ. ಎಲ್ಲರೂ ಎದ್ದು ನಿಂತರು. ಒಬ್ಬರು ಕುರ್ಚಿ ಎಳೆದುಕೊಟ್ಟರು, ಒಬ್ಬರು ಚಹಾ ತಂದಿಟ್ಟರು. ಅವಳು ಕುರ್ಚಿಯ ತುದಿಯಲ್ಲಿ ಕೂತು, ತಡೆಯಲಾರದೆ ನೇರವಾಗಿ ಕೇಳಿದಳು.

"ಇವಾಕಿರಿ ಸಾನ್, ನೀವು ಒಪ್ಪಿದ್ರಂತೆ."

"ಒಪ್ಪದೆ ಏನ್ಮಾಡ್ಲಿ?" ಎಂದರು ಅವರು ಮೆಲ್ಲಗೆ. ಹೋದ ಶನಿವಾರ ನೊನೊಮುರಾ ಸಾನ್ ಇಲ್ಲಿಗೇ ಬಂದಿದ್ದರಂತೆ, ಗೆಣಸಿನ ಕಡುಬು ಹಿಡಿದುಕೊಂಡು. "ನೀವು ಮೊದಲೇ ಒಪ್ಪಿಬಿಟ್ಟಿದ್ದೀರಿ, ನಮ್ಮ ಮುಖ ನೋಡಿ ಹೇಳೋಕೆ ನಿಮಗೆ ಸಂಕೋಚ, ಅದಕ್ಕೆ ತಾನು ಬಂದೆ ಅಂದ್ರು. ನೀವೇ ಒಪ್ಪಿದ್ಮೇಲೆ ನಾವು ಅಡ್ಡ ಬಂದು ನಿಮ್ಮನ್ನ ಇಕ್ಕಟ್ಟಿಗೆ ಹಾಕೋದು ಯಾಕೆ ಅಂತ, ನಾವೂ ಆಗ್ಲಿ ಅಂದ್ವಿ."

ಹೋದ ಶನಿವಾರ ಮಿಸುಜು ಓಸಾಕಾದಲ್ಲಿದ್ದಳು. ತುರ್ತು ಕೆಲಸವಿದೆಯೆಂದು ಗಿರಾಕಿಯೊಬ್ಬರ ಬಳಿ ಕಳಿಸಿದ್ದವನು ನೊನೊಮುರಾ. ಅಲ್ಲಿ ಹೋಗಿ ನೋಡಿದರೆ ಅಂಥ ತುರ್ತೇನೂ ಇರಲಿಲ್ಲ. ಅವಳ ಹೆಸರು ಹೇಳಿ ಇವರ ಒಪ್ಪಿಗೆ ಪಡೆದ, ಇವರ ಹೆಸರು ಹೇಳಿ ಅವಳ ಒಪ್ಪಿಗೆ ಪಡೆದ. ಒಬ್ಬರ ಮೇಲೊಬ್ಬರಿಗಿದ್ದ ಮರ್ಯಾದೆ ಬಿಟ್ಟರೆ ಅವನಿಗೆ ಬೇರೆ ಬಂಡವಾಳವೇ ಬೇಕಾಗಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ನಾನು ಒಪ್ಪಿರ್ಲಿಲ್ಲ," ಎಂದಳು. "ನನಗೆ ವಿಷಯಾನೇ ಗೊತ್ತಿರ್ಲಿಲ್ಲ."

ಕೋಣೆಯಲ್ಲಿ ಒಂದು ಕ್ಷಣ ಜೀವ ಬಂದಂತಾಯಿತು. ಇವಾಕಿರಿ ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು. ಅವರ ಮುಖದಲ್ಲಿ ಇನ್ನೇನು ನಗು ಮೂಡುವುದರಲ್ಲಿತ್ತು.

"ಹಾಗಾದ್ರೆ ಸಭೇಲಿ ಆಗಲ್ಲ ಅಂದ್ರಿ?"

ಮಿಸುಜು ಚಹಾದ ಬಟ್ಟಲು ನೋಡಿದಳು. ಸುಳ್ಳು ಹೇಳಬಹುದಿತ್ತು. ಆದರೆ ಈ ಮನುಷ್ಯನಿಗೆ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ನೀವು ಒಪ್ಪಿದ್ದೀರಿ ಅಂದ್ರು. ನಾನೂ ತಲೆಯಾಡಿಸ್ಬಿಟ್ಟೆ."

"ಆಯ್ತು. ಈಗ ಗೊತ್ತಾಯ್ತಲ್ಲ, ನಾವೂ ಮನಸಿಂದ ಒಪ್ಪಿದ್ದಲ್ಲ ಅಂತ. ಸೋಮವಾರ ಹೋಗಿ ಹೇಳ್ತೀರಾ?"

ಅಷ್ಟು ನೇರವಾಗಿ ಅವರು ಯಾವತ್ತೂ ಏನನ್ನೂ ಕೇಳಿದವರಲ್ಲ. ಮಿಸುಜುವಿಗೆ ಮುಖ್ಯಸ್ಥರ ಮುಖ ಕಣ್ಣಮುಂದೆ ಬಂತು. ತಲೆಯಾಡಿಸಿದವರೆಲ್ಲ ನೆನಪಾದರು. ಮುಗಿದ ಮಾತನ್ನು ಮತ್ತೆ ಎತ್ತಿದವಳೆಂದು, ಹಿರಿಯನನ್ನು ಎಲ್ಲರೆದುರು ಸುಳ್ಳನೆಂದವಳೆಂದು, ಊಟದ ಹೊತ್ತಿಗೆ ಯಾರೂ ಪಕ್ಕ ಕೂರದ ದಿನಗಳು ಕಂಡವು. ಹೇಳುತ್ತೇನೆ ಎನ್ನಲು ಬಾಯಿ ತೆರೆದಳು. ತೆರೆದ ಬಾಯಿಗೆ ಚಹಾದ ಬಟ್ಟಲು ಎತ್ತಿದಳು.

ಅವಳು ಬಟ್ಟಲು ಕೆಳಗಿಡುವವರೆಗೆ ಇವಾಕಿರಿ ಕಾದರು. ಆಮೇಲೆ ಕನ್ನಡಕ ಹಾಕಿಕೊಂಡು, ಮಳೆಗಾಲ ಈ ಸಲ ಬೇಗ ಶುರುವಾಗುತ್ತದಂತೆ, ಹಡಗು ನಿಂತರೂ ನಿಲ್ಲಬಹುದು ಎಂದರು. ಉಳಿದವರು ಹೌದು ಹೌದು ಎಂದರು. ಅವಳೂ ಹೌದು ಎಂದಳು.

ಬೇರೆ ಶನಿವಾರಗಳಲ್ಲಿ ಕೊನೆಗೆ ಕುರ್ಚಿ ಮಡಚುವುದು ಅವಳ ಕೆಲಸ, ನಿಧಾನ ಮಾಡಿದರೆ ಬೈಸಿಕೊಳ್ಳುತ್ತಿದ್ದಳು ಕೂಡ. ಇವತ್ತು ಒಂದಕ್ಕೆ ಕೈ ಹಾಕಿದೊಡನೆ ಇವಾಕಿರಿ ಅದನ್ನು ಮೆಲ್ಲಗೆ ತೆಗೆದುಕೊಂಡರು. "ಬಿಡಿ ಕುವಬರಾ ಸಾನ್, ನಿಮಗ್ಯಾಕೆ ತೊಂದ್ರೆ," ಎಂದರು. ದನಿಯಲ್ಲಿ ಕೋಪದ ಸುಳಿವಿರಲಿಲ್ಲ.

ಅವಳು ಚೀಲ ಎತ್ತಿಕೊಂಡಾಗ ಎಲ್ಲರೂ ಲಿಫ್ಟಿನವರೆಗೆ ಬಂದರು. ಗುಂಡಿಯನ್ನೂ ಅವಳಿಂದ ಒತ್ತಿಸಲಿಲ್ಲ. ಅವಳು ಒಳಗೆ ಹೋಗಿ ತಿರುಗಿ ನಿಂತಳು. ಹೊರಗೆ ಅವರು ಒಂದೇ ಸಾಲಿನಲ್ಲಿ ನಿಂತು, ದೊಡ್ಡ ಕಂಪನಿಯಿಂದ ಬಂದವರನ್ನು ಬೀಳ್ಕೊಡುವ ಹಾಗೆ, ಸೊಂಟದವರೆಗೂ ಬಗ್ಗಿದರು. ಇವಾಕಿರಿಯವರ ಬೋಳು ನೆತ್ತಿ ಮಾತ್ರ ಅವಳಿಗೆ ಕಾಣುತ್ತಿತ್ತು. ಬಾಗಿಲು ಪೂರ್ತಿ ಮುಚ್ಚುವವರೆಗೂ ಅವರಲ್ಲಿ ಯಾರೂ ತಲೆ ಎತ್ತಲಿಲ್ಲ.